ಕೊನೆಯ ಕಾಲು ದಾಟುವವರೆಗೆ

ನಮ್ಮ ಮನೆಗೂ ನನ್ನ ಆಫೀಸಿಗೂ ನಡುವೆ ಇರುವುದು ಒಂದು ದೊಡ್ಡ ರಸ್ತೆ, ಒಂದು ಸಣ್ಣ ತಿರುವು. ಆ ದೂರವನ್ನು ಕ್ರಮಿಸಲು ನಾನೊಂದು ಸ್ಕೂಟರ್ ಕೊಂಡಿದ್ದೇನೆ. ಹೆಲ್ಮೆಟ್ಟಿನ ಬಕಲ್ ಸರಿಯಾಗಿ ಕೂರುವಷ್ಟರಲ್ಲಿ ಆಫೀಸು ಬಂದುಬಿಡುತ್ತದೆ. ಅಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲದ ಕಾರಣ ಫುಟ್‌ಪಾತಿನ ಮೇಲೆ ನಿಲ್ಲಿಸಿ ಒಳಗೆ ಹೋಗುತ್ತೇನೆ. ಒಳಗೆ ನನ್ನ ಕೆಲಸ, ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸಬಾರದೆಂಬ ನೋಟಿಸುಗಳನ್ನು ಟೈಪ್ ಮಾಡುವುದು. ನಗರಸಭೆಯ ಇಂಜಿನಿಯರಿಂಗ್ ವಿಭಾಗದ ಗುತ್ತಿಗೆ ನೌಕರ ನಾನು. ಸಂಬಳ ಕಡಿಮೆ, ಆದರೆ ನೋಟಿಸಿನ ಭಾಷೆ ಬಹಳ ಗಟ್ಟಿ.

ನಾನು ಬರೆಯಹೊರಟಿರುವುದು ನನ್ನ ಬಗ್ಗೆಯಲ್ಲ ಎಂಬುದು ಓದುಗರಿಗೆ ನೆಮ್ಮದಿ ತರಬಹುದು. ಬರೆಯಬೇಕಾಗಿರುವುದು ನನ್ನ ಸೋದರತ್ತೆಯ ಬಗ್ಗೆ, ಅದರಲ್ಲೂ ಅವಳ ಬಲಗೈಯ ಬಗ್ಗೆ. ಆ ಕೈ ಇರುವವರೆಗೆ ನಮ್ಮ ರಸ್ತೆಗೆ ಬೇರೆ ಯಾವ ಸೌಲಭ್ಯವೂ ಬೇಕಿಲ್ಲ ಎಂದು ನಗರಸಭೆ ಬಹಳ ವರ್ಷಗಳಿಂದ ಮನಸ್ಸಿನಲ್ಲೇ ತೀರ್ಮಾನಿಸಿತ್ತು.

ಅತ್ತೆ ರಸ್ತೆಯಾಚೆಯ ಪ್ರಾಥಮಿಕ ಶಾಲೆಯಲ್ಲಿ ಆಯಾ. ಅವಳ ಮನೆಯ ಮಹಡಿ ಕೋಣೆ ನನ್ನದು, ಕೆಳಗಿನ ಅಡುಗೆಮನೆಯೂ ಹೆಚ್ಚುಕಡಿಮೆ ನನ್ನದೇ. ಶಾಲೆಯಲ್ಲಿ ಅವಳ ಕೆಲಸ ನೆಲ ಒರೆಸುವುದು, ಶೌಚಾಲಯ ತೊಳೆಯುವುದು, ಗಂಟೆ ಹೊಡೆಯುವುದು, ಮೂಗು ಒರೆಸುವುದು, ಕಳೆದುಹೋದ ನೀರಿನ ಬಾಟಲಿ ಮುಚ್ಚಳಕ್ಕಾಗಿ ಅಳುವ ಮಕ್ಕಳಿಗೆ ಯಾವುದೋ ಒಂದು ಮುಚ್ಚಳ ಹುಡುಕಿಕೊಡುವುದು. ರಸ್ತೆಯಲ್ಲಿ ಕೈ ಎತ್ತಿ ವಾಹನ ನಿಲ್ಲಿಸುವ ಕೆಲಸವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ರಸ್ತೆಯೇ ಕೊಟ್ಟಿತು.

ಅದೆಂಥ ರಸ್ತೆ ಅಂದರೆ, ಲಾರಿ, ಬಸ್ಸು, ಕಾರು ಎಲ್ಲಕ್ಕೂ ಅದರಲ್ಲಿ ಜಾಗವುಂಟು, ಎರಡು ಕಾಲಿನವರಿಗೆ ಮಾತ್ರ ಇಲ್ಲ. ಫುಟ್‌ಪಾತು ಎನ್ನುವುದು ಚರಂಡಿಯ ಮೇಲೆ ಮುಚ್ಚಿದ ಕೆಲವು ಚಪ್ಪಡಿಗಳು. ಅವುಗಳಲ್ಲಿ ಒಂದು ಅಲುಗಾಡುತ್ತದೆ, ಒಂದು ಇಲ್ಲ, ಆಮೇಲೆ ಟ್ರಾನ್ಸ್‌ಫಾರ್ಮರ್ ಬರುತ್ತದೆ, ಆಮೇಲೆ ನನ್ನಂಥವರ ಸ್ಕೂಟರುಗಳು. ದಾಟಲು ಬಿಳಿ ಪಟ್ಟೆ ಬಳಿದಿದ್ದರಂತೆ. ಬಳಿದ ಮಾರನೆಯ ವಾರವೇ ಅದರ ಮೇಲೆ ಡಾಂಬರು ಹಾಕಿದರಂತೆ. ಪಟ್ಟೆ ಈಗಲೂ ಇದೆ, ಕಾಣುವುದಿಲ್ಲ ಅಷ್ಟೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅತ್ತೆ ಶೌಚಾಲಯ ತೊಳೆಯುತ್ತಿದ್ದವಳು, ಗೇಟಿನಾಚೆ ಮಕ್ಕಳು ದಾಟಲಾಗದೆ ಗುಂಪುಗೂಡಿ ನಿಂತಿರುವುದನ್ನು ನೋಡಿ, ಕೈಗವಸು ಕಳಚುವ ವ್ಯವಧಾನವಿಲ್ಲದೆ ಹಾಗೇ ರಸ್ತೆಗೆ ಬಂದು ಕೈ ಎತ್ತಿದಳು. ಹಳದಿ ಬಣ್ಣದ, ಮೊಣಕೈವರೆಗೆ ಬರುವ, ನೀರು ತೊಟ್ಟಿಕ್ಕುತ್ತಿದ್ದ ರಬ್ಬರ್ ಕೈಗವಸು. ಲಾರಿ ನಿಂತಿತು. ಅದರ ಹಿಂದಿನ ಬಸ್ಸೂ ನಿಂತಿತು. ಆ ಕೈಗವಸು ಎಲ್ಲಿಂದ ಎದ್ದುಬಂದಿದೆ ಎಂದು ಗೊತ್ತಿದ್ದವರು ಕಿಟಕಿ ಗಾಜನ್ನೂ ಏರಿಸಿಕೊಂಡರು. ಅಂದಿನಿಂದ ಬೆಳಿಗ್ಗೆ, ಸಂಜೆ ಅದೇ ಹಳದಿ ಕೈ. ಇದಕ್ಕಾಗಿ ಬೇರೆ ಜೊತೆಯನ್ನು ಇಟ್ಟುಕೊಂಡಿದ್ದೇನೆ ಎಂದು ಅವಳು ಯಾವ ಡ್ರೈವರಿಗೂ ಹೇಳಲಿಲ್ಲ. ಹೇಳಿದ್ದರೆ ಅರ್ಧ ಮರ್ಯಾದೆ ಹೋಗುತ್ತಿತ್ತು.

ಅವಳದು ಒಂದೇ ಕಟ್ಟುಪಾಡು. ಕೊನೆಯ ಕಾಲು ಆಚೆ ಬದಿಯ ಕಲ್ಲು ಮುಟ್ಟುವವರೆಗೆ ಕೈ ಇಳಿಯುವುದಿಲ್ಲ. ಮೊದಮೊದಲು ಹೀಗಿರಲಿಲ್ಲವಂತೆ. ಒಮ್ಮೆ ಎಲ್ಲರೂ ದಾಟಿದರೆಂದು ಕೈ ಇಳಿಸಿದ ಮೇಲೆ ಒಂದು ಪುಟ್ಟ ಹುಡುಗಿ ನಡುರಸ್ತೆಯಲ್ಲಿ ಕಳಚಿಬಿದ್ದ ಬೂಟಿಗಾಗಿ ಹಿಂದಕ್ಕೆ ಓಡಿತು. ವ್ಯಾನು ಅದರ ಬೆನ್ನಿನ ಚೀಲವನ್ನು ಸವರಿ ನಿಂತಿತು. ಹುಡುಗಿ ಬೂಟು ಹಾಕಿಕೊಂಡು ಹೋಯಿತು. ಅತ್ತೆ ಆ ದಿನ ಗಂಟೆ ಹೊಡೆಯಲು ಮರೆತಳು. ಮರುದಿನದಿಂದ ಈ ಕಟ್ಟುಪಾಡು. ಹಾರನ್ ಹೊಡೆದರೂ ಇಲ್ಲ, ಬೈದರೂ ಇಲ್ಲ, ಒಳಗೆ ಕೂತವರು ಯಾರೆಂದು ಹೇಳಿದರೂ ಇಲ್ಲ.

ನನ್ನ ಮಾವ, ಅಂದರೆ ಅತ್ತೆಯ ಗಂಡ, ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. "ಊರಿನೋರನ್ನೆಲ್ಲ ಓಡಿಸ್ಕೊಂಡು ಹೋಗಿದ್ದು ನಾನು, ಹೆಸರು ಮಾತ್ರ ನಿಲ್ಲಿಸಿದೋಳಿಗೆ" ಎಂದು ಆಗಾಗ ಕೊರಗುತ್ತಾರೆ. ತಮ್ಮ ಬಸ್ಸನ್ನೂ ಅವಳು ಬಿಡದೆ ನಿಲ್ಲಿಸುತ್ತಿದ್ದಳಂತೆ. "ಕೈ ಹಿಡಿದೋನು ಅನ್ನೋ ಕರುಣೆನೂ ಇರ್ಲಿಲ್ಲ ಕಣೋ."

"ಕೈ ಹಿಡಿದೋರು ಬ್ರೇಕೂ ಹಿಡೀಬೇಕು" ಎನ್ನುತ್ತಾಳೆ ಅತ್ತೆ, ಪಾತ್ರೆ ತೊಳೆಯುತ್ತಲೇ.

ಕಳೆದ ವರ್ಷ ಆ ಕೈ ಕೆಟ್ಟಿತು. ಬಲಭುಜ ಗಟ್ಟಿಯಾಗುತ್ತ ಬಂತು. ಮೊದಲು ಮೇಲಿನ ಕಪಾಟಿನ ಡಬ್ಬಿ ಸಿಗಲಿಲ್ಲ, ಆಮೇಲೆ ತಲೆ ಬಾಚುವುದು ಕಷ್ಟವಾಯಿತು. ಎಡಗೈಯಿಂದ ವಾಹನ ನಿಲ್ಲಿಸಲೂ ಪ್ರಯತ್ನಿಸಿದಳು. ಆದರೆ ಎಡಗೈ ಮಕ್ಕಳನ್ನು ತಡೆಯಲು ಬೇಕಿತ್ತು. ವೈದ್ಯರು, "ಇನ್ನು ಭುಜದಿಂದ ಮೇಲೆ ಕೈ ಎತ್ತಿ ಹಿಡ್ಕೊಂಡು ನಿಲ್ಲೋ ಕೆಲಸ ಬಿಡಿ. ಹೀಗೇ ಮುಂದುವರಿದರೆ ಆ ಕೈ ಊಟಕ್ಕೂ ಏಳಲ್ಲ" ಎಂದರು.

"ಬಿಟ್ರೆ ಮಕ್ಕಳು ದಾಟೋದು ಹೆಂಗೆ?" ಎಂದು ಅವಳು ವೈದ್ಯರನ್ನೇ ಕೇಳಿದಳು. ಅವರು ಒಂದು ಮುಲಾಮು ಬರೆದುಕೊಟ್ಟರು.

ಇದೇ ಹೊತ್ತಿಗೆ ನಮ್ಮ ನಗರಸಭೆಗೆ ಜನ ನಡೆಯುತ್ತಾರೆ ಎಂಬ ವಿಷಯ ತಿಳಿಯಿತು. ನಡೆಯುವವರ, ಸೈಕಲ್ ತುಳಿಯುವವರ ಸುರಕ್ಷಿತ ದಾರಿಗಳಿಗೆ ಅನುದಾನವನ್ನು ದುಪ್ಪಟ್ಟು ಮಾಡಿದರು. ಒಳ್ಳೆಯದೇ. ಉದ್ಘಾಟನೆಯ ದಿನ ಅಧಿಕಾರಿಗಳೆಲ್ಲ ಸೈಕಲ್ ಹತ್ತಿ ಫೋಟೋ ತೆಗೆಸಿಕೊಂಡರು. ಸೈಕಲ್ಲುಗಳನ್ನು ಲಾರಿಯಲ್ಲಿ ತಂದಿದ್ದರು, ಅಧಿಕಾರಿಗಳನ್ನು ಕಾರಿನಲ್ಲಿ. ನಮ್ಮ ಇಂಜಿನಿಯರ್ ಸಾಹೇಬರು ಸೈಕಲ್ ಮೇಲೆ ಕೂತು ಒಂದು ಕಾಲನ್ನು ನೆಲದಿಂದ ಎತ್ತಲೇ ಇಲ್ಲ. ಆ ಕಾಲನ್ನು ಫೋಟೋದಿಂದ ಕತ್ತರಿಸುವ ಜವಾಬ್ದಾರಿ ನನಗೆ ಬಂತು.

ಮೊದಲ ಕೆಲಸ ಊರಾಚೆಯ ವರ್ತುಲ ರಸ್ತೆಯಲ್ಲಿ ನಡೆಯಿತು. ಮರಗಳ ನಡುವೆ ನುಣುಪಾದ ಕಾಲುದಾರಿ, ಹಸಿರು ಬಳಿದ ಸೈಕಲ್ ದಾರಿ, ಕೂರಲು ಬೆಂಚು. ಅಲ್ಲಿ ಮನೆಗಳೇ ಇಲ್ಲವಾದ್ದರಿಂದ ನಡೆಯುವವರು ಕಾರಿನಲ್ಲಿ ಅಲ್ಲಿಗೆ ಹೋಗಿ, ನಡೆದು, ಕಾರಿನಲ್ಲಿ ವಾಪಸು ಬರುತ್ತಾರೆ. ನಮ್ಮ ಸಾಹೇಬರಿಗೆ ಸಕ್ಕರೆ ಅಂಶ ಇಳಿದದ್ದು ಅಲ್ಲೇ. ಯೋಜನೆಯಿಂದ ಯಾರಿಗೂ ಪ್ರಯೋಜನವಾಗಲಿಲ್ಲ ಎಂದು ಹೇಳಲಾಗದು.

ಅತ್ತೆ ಅರ್ಜಿ ಹಾಕಿದಳು. ಶಾಲೆಯ ಮುಂದೆ ವಾಹನಗಳು ನಿಧಾನಿಸುವಂತೆ ಎತ್ತರಿಸಿದ ದಾಟುದಾರಿ ಬೇಕು, ಒಂದು ಸಿಗ್ನಲ್ ದೀಪ ಬೇಕು, ಎರಡು ಬದಿಗೂ ಅಲುಗಾಡದ ಚಪ್ಪಡಿ ಬೇಕು. ದೊಡ್ಡ ತರಗತಿಯ ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ, ಅವರಿಗೆ ರಸ್ತೆಯ ಬದಿಯಲ್ಲಿ ಬೇರೆಯೇ ಒಂದು ಅಂಚು ಬೇಕು. "ನನ್ನ ಕೈ ನಿಲ್ಲೋದ್ರೊಳಗೆ ಮಾಡ್ಸೋ" ಎಂದು ನನ್ನ ಕೈಗೇ ಕೊಟ್ಟಳು. ಆಫೀಸಿನಲ್ಲಿ ನನಗೆ ಭಾರಿ ಪ್ರಭಾವವಿದೆ ಎಂದು ಮನೆಯಲ್ಲಿ ನಾನೇ ಹಬ್ಬಿಸಿದ್ದೆ.

ಸಾಹೇಬರು ಅರ್ಜಿ ಓದಿ, ಕನ್ನಡಕ ತೆಗೆದು, "ಅಲ್ಲಿ ಎಷ್ಟು ಅಪಘಾತ ಆಗಿದೆ?" ಎಂದರು.

"ಒಂದೂ ಇಲ್ಲ ಸಾರ್. ನಮ್ಮತ್ತೆ ನಿಲ್ಲಿಸ್ತಾರೆ."

"ಮತ್ತೆ? ಅಪಘಾತದ ಮೇಲೆ ಅಂಕ ಕೊಡೋದು. ಅಂಕ ಇಲ್ದಿದ್ರೆ ಅನುದಾನ ಇಲ್ಲ. ನಿಮ್ಮತ್ತೆ ಒಳ್ಳೆ ಕೆಲಸ ಮಾಡ್ತಿದಾರೆ, ಮುಂದುವರಿಸೋಕೆ ಹೇಳಿ."

ಉತ್ತರವನ್ನು ಟೈಪ್ ಮಾಡಿದ್ದು ನಾನೇ. 'ಸದರಿ ಸ್ಥಳವು ಈಗಾಗಲೇ ಅತ್ಯಂತ ಸುರಕ್ಷಿತವಾಗಿರುವುದು ಕಂಡುಬಂದಿರುವುದರಿಂದ ಸುರಕ್ಷತಾ ಕಾಮಗಾರಿಯ ಅವಶ್ಯಕತೆ ಇರುವುದಿಲ್ಲ.' ಟಪಾಲು ವೆಚ್ಚ ಉಳಿಸಲು ನಾನೇ ಮನೆಗೆ ತಂದುಕೊಟ್ಟೆ. ಜೊತೆಗೆ ಅತ್ಯಂತ ಸುರಕ್ಷಿತ ಸ್ಥಳವೆಂದು ಒಂದು ಪ್ರಶಸ್ತಿಫಲಕವೂ ಇತ್ತು. ಅದನ್ನು ಗೋಡೆಗೆ ಹಾಕಲು ಅತ್ತೆಗೆ ಕೈ ಏಳಲಿಲ್ಲ. ಮಾವ ಅದನ್ನು ಅಡುಗೆಮನೆಯ ಕಿಟಕಿಗೆ ಆನಿಸಿಟ್ಟರು. ಗಾಳಿಗೆ ಕಿಟಕಿಯ ಬಾಗಿಲು ಬಡಿಯದಂತೆ ತಡೆಯುತ್ತದೆ, ಗಟ್ಟಿ ಮರ.

ಆ ಸಂಜೆ ಊಟಕ್ಕೆ ಕೂತಾಗ ನನಗೆ ಬುದ್ಧಿ ಹೆಚ್ಚಾಯಿತು. "ಅತ್ತೆ, ನೀನೊಂದು ವಾರ ರಜ ಹಾಕು. ಏನಾದ್ರೂ ಸಣ್ಣಪುಟ್ಟದ್ದು ಆಗೇ ಆಗುತ್ತೆ. ಅಂಕ ತಾನಾಗೇ ಬರುತ್ತೆ" ಎಂದೆ.

ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ವಾಪಸು ಇಟ್ಟಳು. "ಯಾವ ಮಗು ಅಂತ ನೀನೇ ಆರಿಸಿಬಿಡು" ಎಂದಳು. "ಬೂಟಿನ ಲೇಸು ಕಟ್ಟೋಕೆ ಬರದಿರೋದಾ, ಕಿವಿ ಸರಿಯಾಗಿ ಕೇಳದಿರೋದಾ? ಹೆಸರು ಹೇಳು, ನಾಳೆ ಅದನ್ನೇ ಮುಂದೆ ಕಳಿಸ್ತೀನಿ."

ನಾನು ನೀರು ಕುಡಿದೆ. ಮತ್ತೊಂದು ಲೋಟ ಕುಡಿದೆ. ಸರ್ಕಾರಿ ಭಾಷೆಯಲ್ಲಿ ಯೋಚಿಸುವ ರೋಗ ಟೈಪ್ ಮಾಡುವ ಬೆರಳಿನಿಂದ ಶುರುವಾಗಿ ಎಲ್ಲಿಯವರೆಗೆ ಏರುತ್ತದೆಂದು ಆಗ ನನಗೆ ಗೊತ್ತಾಯಿತು.

ಕೆಲವು ದಿನಗಳಲ್ಲಿ ಸ್ಕೂಟರ್ ಕೆಟ್ಟು ಗ್ಯಾರೇಜು ಸೇರಿತು. ನಾನು ನಡೆದು ಹೋಗಬೇಕಾಯಿತು. ಅತ್ತೆ ಮಕ್ಕಳನ್ನು ದಾಟಿಸುವ ಜಾಗದಲ್ಲೇ ದಾಟಬಹುದಿತ್ತು. ಆದರೆ ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಗಂಡಸು ನೀರಿನ ಬಾಟಲಿ ತೂಗುಹಾಕಿಕೊಂಡವರ ಸಾಲಿನಲ್ಲಿ ನಿಲ್ಲುವುದೇ? ಸ್ವಲ್ಪ ಕೆಳಗೆ, ಅವಳ ಕಣ್ಣಿಗೆ ಬೀಳದ ಕಡೆ, ಬಸ್ಸಿನ ಮುಂದಿನಿಂದ ನುಗ್ಗಿದೆ. ಕಾರು ತಪ್ಪಿತು, ಲಾರಿ ತಪ್ಪಿತು. ಇನ್ನೇನು ಗೆದ್ದೆ ಅನ್ನುವಾಗ ಇಸ್ತ್ರಿ ಅಂಗಡಿಯವನ ಸೈಕಲ್ ಬಂದು ಗುದ್ದಿತು. ಬೇರೆ ದಾರಿಯಿಲ್ಲದೆ ಅವನೂ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಬರುತ್ತಿದ್ದವನೇ. ಇಬ್ಬರೂ ಬಿದ್ದೆವು. ಅವನು ಎದ್ದ. ನಾನು ಏಳಲಿಲ್ಲ.

"ನಿಮ್ಮ ಕಾಲು ಮುರಿದ್ರೆ ಕೂಡುತ್ತೆ" ಎಂದ ಅವನು, ಕೆಸರಿನಿಂದ ಬಟ್ಟೆ ಹೆಕ್ಕುತ್ತ. "ಈ ಸೀರೆಗಳ ಮಡಿಕೆ ಕೂಡ್ಸೋರು ಯಾರು?"

ಪಾದದ ಗಂಟಿನ ಹತ್ತಿರ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮಲಗಿ ನಾನು ಯೋಚಿಸಿದೆ, ನನ್ನ ಬಾಳು ಸಾರ್ಥಕವಾಯಿತು. ಕೊನೆಗೂ ಆ ರಸ್ತೆಯಲ್ಲೊಂದು ಅಪಘಾತ. ಸಾಹೇಬರು ನೋಡಲು ಬಂದರು, ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದರು.

"ಗುದ್ದಿದ್ದು ಸೈಕಲ್ಲು ಅಲ್ವಾ" ಎಂದು ನಿಟ್ಟುಸಿರುಬಿಟ್ಟರು. "ಮೋಟಾರು ವಾಹನ ಗುದ್ದಿದ್ರೆ ಮಾತ್ರ ಅಂಕ. ಸ್ವಲ್ಪ ಮುಂಚೆ ನುಗ್ಗಿದ್ರೆ ಆ ಲಾರಿನೇ ಸಿಗ್ತಿತ್ತಲ್ರೀ."

ನಾನು ಕ್ಷಮೆ ಕೇಳಿದೆ. ಮುಂದಿನ ಸಲ ಗಮನವಿಡುತ್ತೇನೆಂದೆ.

ಗುತ್ತಿಗೆ ನೌಕರರಿಗೆ ಮುರಿದ ಕಾಲಿನ ರಜೆ ಎಂಬುದಿಲ್ಲ. ಊರುಗೋಲು ಹಿಡಿದು ಕೆಲಸಕ್ಕೆ ಹೊರಟೆ. "ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ನೀನು ಕುಂಟನಾಗೋಕೆ ಮುಂಚೆನೇ ಎಲ್ಲಾ ಮುಗಿಸಿದ್ದೀಯ" ಎಂದು ಮಾವ ಬಾಗಿಲು ತೆರೆದರು. ಈಗ ಅತ್ತೆಯ ಸಾಲಿನಲ್ಲಿ ನಿಲ್ಲದೆ ಗತಿಯಿರಲಿಲ್ಲ. ಮಕ್ಕಳು ನನಗೆ ಜಾಗ ಬಿಟ್ಟರು. ಒಬ್ಬಳು ತನ್ನ ಬಾಟಲಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಮಾಮ, ಕೈ ಹಿಡ್ಕೋತೀರಾ?" ಎಂದಳು.

ಹಳದಿ ಕೈ ಎದ್ದಿತು. ಮಕ್ಕಳು ದಾಟಿದರು. ನಾನು ಇನ್ನೂ ರಸ್ತೆಯ ಕಾಲುಭಾಗದಲ್ಲಿದ್ದೆ. ಊರುಗೋಲು ಇಡುವುದು, ಒಳ್ಳೆಯ ಕಾಲು ತರುವುದು, ಉಸಿರು ಬಿಡುವುದು. ಹಾರನ್‌ಗಳು ಒಂದೊಂದೇ ಶುರುವಾಗಿ ಎಲ್ಲವೂ ಸೇರಿದವು. ನಾನು ಅವಸರಪಟ್ಟೆ.

"ಓಡಬೇಡ" ಎಂದಳು ಅತ್ತೆ, ನನ್ನ ಕಡೆ ನೋಡದೆ. "ಕಲ್ಲು ಮುಟ್ಟಿದ ಮೇಲೆ ಹೇಳು."

ಅವಳ ಭುಜ ನಡುಗುತ್ತಿತ್ತು. ಎಡಗೈಯಿಂದ ಬಲಗೈಯ ಮೊಣಕೈಗೆ ಆಸರೆ ಕೊಟ್ಟಳು. ನಾನು ಕಲ್ಲು ಮುಟ್ಟಿ, "ಮುಟ್ಟಿದೆ ಅತ್ತೆ" ಎಂದಾಗ ಆ ಕೈ ಇಳಿಯಲಿಲ್ಲ, ಬಿತ್ತು.

ದಿನಾ ಬೆಳಿಗ್ಗೆ, ಸಂಜೆ ಇದೇ ನಡೆಯಿತು. ಸಾಲುಗಟ್ಟಿದ ವಾಹನಗಳು ಶಾಲೆಯಿಂದ ತಿರುವಿಗೆ, ತಿರುವಿನಿಂದ ನಗರಸಭೆಯ ಗೇಟಿಗೆ ಮುಟ್ಟಿದವು. ಒಂದು ಬೆಳಿಗ್ಗೆ ಕಮಿಷನರ ಕಾರೇ ಸಿಕ್ಕಿಕೊಂಡು ಅವರು ತಮ್ಮದೇ ಸಭೆಗೆ ತಡವಾಗಿ ಬಂದರು. ಆಫೀಸಿನಲ್ಲಿ ಅಲ್ಲೋಲಕಲ್ಲೋಲ. ಯಾರ ಕಾಲು ಮುರಿದರೂ ಮಿಸುಕದ ಕಟ್ಟಡ ಒಂದು ಕಾರು ನಿಂತಿದ್ದಕ್ಕೆ ಗಡಗಡ ನಡುಗಿತು. 'ವಾಹನ ದಟ್ಟಣೆ ನಿವಾರಣೆ' ಎಂಬ ಬೇರೆಯೇ ನಿಧಿ ಇದೆಯೆಂದೂ, ಅದಕ್ಕೆ ಅಂಕಗಿಂಕದ ಗೊಡವೆ ಇಲ್ಲವೆಂದೂ ಅಂದೇ ನನಗೆ ಗೊತ್ತಾದದ್ದು. ಮನೆಯಲ್ಲಿ ಹೇಳಿದೆ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಡಿಪೋದಲ್ಲೂ ಹಂಗೇ. ಬಸ್ಸು ತಡವಾದ್ರೆ ಮೆಮೊ. ಬಸ್ಸಿಂದ ಯಾರಾದ್ರೂ ಬಿದ್ರೆ, 'ಟೈಮಿಗೆ ಹೋದೆ ತಾನೇ' ಅನ್ನೋರು."

"ಹಾಗಾದ್ರೆ ನಾಳೆಯಿಂದ ಇನ್ನೂ ನಿಧಾನ ನಡೀತೀನಿ ಅತ್ತೆ" ಎಂದೆ.

"ನಿಧಾನ ಗಿಧಾನ ಬೇಡ. ನಾಟಕ ಮಾಡಿದ್ರೆ ಕೈ ಇಳಿಸಿಬಿಡ್ತೀನಿ" ಎಂದಳು. ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡಿದ್ದಳು. "ಇರೋ ಹಂಗೆ ನಡಿ. ಅಷ್ಟೇ ಸಾಕು ಅವರಿಗೆ."

ಸಾಕಾಯಿತು. ಪ್ರಸ್ತಾವನೆಯನ್ನು ಸಾಹೇಬರು ಹೇಳಿ ನನ್ನಿಂದಲೇ ಬರೆಸಿದರು. ಶೀರ್ಷಿಕೆ: 'ಪಾದಚಾರಿಗಳು ಹಾಗೂ ಸೈಕಲ್ ಸವಾರರಿಂದ ವಾಹನಗಳಿಗೆ ಉಂಟಾಗುತ್ತಿರುವ ತೊಂದರೆಯ ಶಾಶ್ವತ ನಿವಾರಣೆ.' ಒಳಗೆ ನೋಡಿದರೆ ಅತ್ತೆಯ ಅರ್ಜಿಯೇ: ಎತ್ತರಿಸಿದ ದಾಟುದಾರಿ, ಸಿಗ್ನಲ್ ದೀಪ, ಎರಡು ಬದಿಗೂ ಫುಟ್‌ಪಾತು, ಸೈಕಲ್ಲಿಗೊಂದು ಅಂಚು. ಒಂದೇ ಸಭೆಯಲ್ಲಿ ಮಂಜೂರಾಯಿತು.

"ಹೆಸರು ನೋಡಿದ್ಯಾ ಅತ್ತೆ? ನೀವೆಲ್ಲ ತೊಂದರೆ ಅಂತೆ" ಎಂದೆ.

"ಹೆಸರು ತಗೊಂಡು ಏನ್ಮಾಡ್ಲಿ" ಎಂದಳು. "ಕಲ್ಲು ಗಟ್ಟಿಯಾಗಿ ಹಾಕ್ಲಿ."

ಕಲ್ಲು ಹಾಕುವಷ್ಟರಲ್ಲಿ ನನ್ನ ಪ್ಲಾಸ್ಟರ್ ಬಿಚ್ಚಿದ್ದರು. ಸಿಗ್ನಲ್ಲಿನ ಕೆಂಪು ದೀಪ ಎಷ್ಟು ಹೊತ್ತು ಇರಬೇಕೆಂದು ಗೊತ್ತುಮಾಡಲು ಸಾಹೇಬರು ಗಡಿಯಾರ ಹಿಡಿದು ಬಂದರು. ಒಬ್ಬ ಸಾಮಾನ್ಯ ಮನುಷ್ಯ ದಾಟುವ ಹೊತ್ತನ್ನು ಅಳೆಯಬೇಕಂತೆ. ಸುತ್ತ ನೋಡಿದರು. ನನಗಿಂತ ಸಾಮಾನ್ಯ ಮನುಷ್ಯ ಅಲ್ಲಿ ಯಾರೂ ಕಾಣಲಿಲ್ಲ.

ಗೇಟಿನಲ್ಲಿ ಶಿಕ್ಷಕಿಯರು ನಿಂತು ನೋಡುತ್ತಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿ, ನೋವು ನುಂಗಿ, ದಾಪುಗಾಲು ಹಾಕಲು ಸಿದ್ಧನಾದೆ.

ಅತ್ತೆ ಗಂಟಲು ಸರಿಮಾಡಿಕೊಂಡಳು. "ಬೆಳಿಗ್ಗೆ ಮಹಡಿ ಇಳಿಯುವಾಗ ಗೋಡೆ ಹಿಡ್ಕೊಂಡು ಬಂದ್ಯಲ್ಲ, ಹಂಗೆ ನಡಿ."

ಶಿಕ್ಷಕಿಯರು ನಕ್ಕರು. ನಾನು ಇರುವ ಹಾಗೆಯೇ ನಡೆದೆ, ಎಡಗಾಲು ಎಳೆಯುತ್ತ. ಮಧ್ಯದಲ್ಲಿ ಸಾಹೇಬರು ಗಡಿಯಾರ ನಿಲ್ಲಿಸಹೊರಟರು.

"ಕಲ್ಲು ಮುಟ್ಲಿ ಸಾರ್" ಎಂದಳು ಅತ್ತೆ.

ಕಲ್ಲು ಮುಟ್ಟಿದ ಮೇಲೆಯೇ ಅವರು ಗುಂಡಿ ಒತ್ತಿದರು. ನಮ್ಮೂರಿನಲ್ಲಿ ಕೆಂಪು ದೀಪ ಅಷ್ಟು ಹೊತ್ತು ಉರಿಯುವುದು ಅದೊಂದೇ ಕಡೆ. ಕೈಗವಸಿನ ಆ ಜೊತೆ ಈಗ ಶೌಚಾಲಯದ ಕೆಲಸಕ್ಕೇ ಹೋಗಿದೆ, ಕೊನೆಗೂ ಡ್ರೈವರುಗಳು ನಂಬಿದ್ದು ನಿಜವಾಯಿತು.

ಸ್ಕೂಟರ್ ರಿಪೇರಿಯಾಗಿ ಬಂದಿದೆ. ಕಾಲು ವಾಸಿಯಾದವನ ಸ್ವಭಾವವೂ ಸ್ಕೂಟರಿನ ಜೊತೆಗೇ ವಾಪಸು ಬಂದಿದೆ. ಮೊನ್ನೆ ತಡವಾಗಿ ಹೊರಟವನು ಅದೇ ಕೆಂಪಿಗೆ ಸಿಕ್ಕಿಬಿದ್ದೆ. ಮಕ್ಕಳು ಆಗಲೇ ದಾಟಿ ಒಳಗೆ ಹೋಗಿದ್ದರು. ಖಾಲಿ ರಸ್ತೆ, ದೀಪ ಮಾತ್ರ ಉರಿಯುತ್ತಲೇ ಇತ್ತು. ಪಕ್ಕದ ಕಾರಿನವನು ನನ್ನತ್ತ ತಿರುಗಿ, "ಯಾವ ಕುಂಟನಿಗೋಸ್ಕರ ಇಷ್ಟು ಹೊತ್ತು ಇಟ್ಟಿದಾರೋ" ಎಂದ. ನಾನು ಹೌದೌದು ಎಂದು ತಲೆಯಾಡಿಸಿದೆ.

ದೀಪ ಹಸಿರಾಯಿತು. ಮುಂದಿನ ಲಾರಿ ಮಾತ್ರ ಕದಲಲಿಲ್ಲ. ನಾನು ಹಾರನ್ ಒತ್ತಿ ಬಗ್ಗಿ ನೋಡಿದೆ. ಶಾಲೆಯ ಗೋಡೆಯ ಬಳಿ ಅತ್ತೆ ನಿಂತಿದ್ದಳು. ಭುಜ ಸಡಿಲವಾಗಲೆಂದು ವೈದ್ಯರು ಹೊಸದಾಗಿ ಒಂದು ವ್ಯಾಯಾಮ ಹೇಳಿದ್ದರು, ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ನಡೆಸುತ್ತ ಕೈಯನ್ನು ಮೇಲಕ್ಕೆ ಒಯ್ಯುವುದು. ಬರಿಗೈ ನಿಧಾನವಾಗಿ ಮೇಲಿನ ಕಿಟಕಿಯತ್ತ ಗೋಡೆ ಹತ್ತುತ್ತಿತ್ತು. ಲಾರಿಯವನು ಅದನ್ನು ನೋಡಿ, ಬ್ರೇಕಿನ ಮೇಲೆ ಕಾಲಿಟ್ಟು, ಅದು ಇಳಿಯಲೆಂದು ಕಾಯುತ್ತಿದ್ದ.

ಅತ್ತೆ ಹಿಂದೆ ತಿರುಗಿ ನೋಡಲೇ ಇಲ್ಲ. ಬೆರಳುಗಳು ಕಿಟಕಿಯ ಅಂಚು ಮುಟ್ಟುವವರೆಗೆ ನಾವೆಲ್ಲರೂ ನಿಂತಿದ್ದೆವು.